ಉಪ್ಪುನೀರಿನ ತೊಟ್ಟಿಯ ಗುಳ್ಳೆ ನಿಂತದ್ದು ಹೀಗೆ

ಕಾಸರಗೋಡಿನ ಮನೆಯಲ್ಲಿ ಮಗಳೂ ನಾನೂ ಸೇರಿ 40 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಕಟ್ಟಿದೆವು. ಹಿಂದುಗಡೆ ಗಾಜು ಅಂಟಿಸಿ ಮೂರು ಖಾನೆ: ಸ್ಪಂಜು, ಕಲ್ಲು, ಕೊನೆಗೆ ಪಂಪು. ಮುಂದಿನ ನೀರು ಉಕ್ಕಿ ಈ ಖಾನೆಗಳಲ್ಲಿ ಸೋಸಿ ಬರುತ್ತದೆ, ಪಂಪು ಅದನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ.

ಮೂರನೇ ವಾರ ಪಂಪು ಗೊರಗೊರ ಅನ್ನತೊಡಗಿತು. ನೀರೆಲ್ಲ ಸಣ್ಣ ಗುಳ್ಳೆ. ಬಿಚ್ಚಿ ತೊಳೆದರೂ ನಿಲ್ಲಲಿಲ್ಲ.

"ಅಪ್ಪಾ, ಮುಂದೆ ನೀರು ಅಷ್ಟೇ ಇದೆ. ಹಿಂದೆ ಮಾತ್ರ ಇಳಿದಿದೆ ನೋಡು" ಅಂದಳು ಮಗಳು.

ಅದೇ ಕಾರಣ! ನೀರು ಆವಿಯಾದರೆ ಇಳಿಯುವುದು ಪಂಪಿನ ಖಾನೆಯಲ್ಲೇ. ಆಗ ಪಂಪು ಗಾಳಿ ಎಳೆಯುತ್ತದೆ. ಇನ್ನೊಂದು ತಪ್ಪು ನನ್ನದು. ನೆನಪಾದಾಗ ಉಪ್ಪುನೀರನ್ನೇ ತುಂಬಿಸುತ್ತಿದ್ದೆ. ಉಪ್ಪು ಆವಿಯಾಗುವುದಿಲ್ಲ ಅಲ್ವಾ? ನೀರಿನ ಸಾಂದ್ರತೆ (ಸಿಹಿನೀರಿಗೆ 1 ಅಂತ ಲೆಕ್ಕ) 1.025ರಿಂದ 1.029ಕ್ಕೆ ಏರಿತ್ತು.

ದಿನಕ್ಕೆ ಒಂದೂವರೆ ಲೀಟರ್ ತೆಗೆದು ಅಷ್ಟೇ ಆರ್‌ಒ ನೀರು (ಫಿಲ್ಟರ್ ಮಾಡಿದ ಸಿಹಿನೀರು) ಹಾಕಿದೆವು. ನಾಲ್ಕು ದಿನದಲ್ಲಿ ಸಾಂದ್ರತೆ ಸರಿಯಾಯಿತು. ಈಗ ಖಾನೆಯ ಗಾಜಿನ ಮೇಲೆ ಕೆಂಪು ಗೆರೆ ಇದೆ. ಶಾಲೆಗೆ ಹೊರಡುವ ಮೊದಲು ಮಗಳು ಗೆರೆಯವರೆಗೆ ಸಿಹಿನೀರು ಸುರಿಯುತ್ತಾಳೆ.