ಐವತ್ತೊಂದಕ್ಕೆ ಪೈಥಾನ್ ಕಲಿತೆ

ಬೆಂಗಳೂರಿನ ಕೆಲಸ ಹೋದಾಗ ನನಗೆ 51. ಲೆಕ್ಕ, ದಾಖಲೆ ಇಡೋ ಹಳೇ ಡೇಟಾಬೇಸ್ ತಂತ್ರಾಂಶ ಫಾಕ್ಸ್‌ಪ್ರೊದಲ್ಲಿ ಶುರು ಮಾಡಿ, ಆಮೇಲೆ ಜಾವಾ, ಒರಾಕಲ್ ಅಂತ 26 ವರ್ಷ ಕೋಡ್ ಬರೆದಿದ್ದೆ. ಬಾಡಿಗೆ ಕಟ್ಟಿಕೊಂಡು ಅಲ್ಲಿ ಕೂರೋದು ಬೇಡ ಅಂತ ಹಾಸನದ ಮನೆಗೆ ಬಂದುಬಿಟ್ಟೆವು.

ಮೂರು ತಿಂಗಳು ದಿನಾ ರೆಸ್ಯೂಮೆ ಕಳಿಸಿದೆ. ಕರೆದ ಒಂದೆರಡು ಕಡೆ ಜಾವಾ 17, ಸ್ಪ್ರಿಂಗ್ ಬೂಟ್ (ಜಾವಾ ಪ್ರೋಗ್ರಾಂ ಕಟ್ಟುವ ಚೌಕಟ್ಟು), ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಬಗ್ಗೆ ಕೇಳಿದರು. ನಾನು ಜಾವಾ 6ರಲ್ಲೇ ನಿಂತಿದ್ದೆ. ವಯಸ್ಸು ಗೊತ್ತಾಗಬಾರದು, ಹಳೇದನ್ನು ತೆಗೀರಿ ಅಂತ ಹಲವರು ಹೇಳಿದರು. ಫಾಕ್ಸ್‌ಪ್ರೊ ಅನ್ನೋ ಸಾಲನ್ನು ಅಳಿಸಿದೆ. ಆವತ್ತು ತುಂಬಾ ಬೇಜಾರಾಗಿತ್ತು.

ಕಲಿಯೋಕೆ ಕೂತಾಗ ಎಲ್ಲದಕ್ಕೂ ಕೈ ಹಾಕಿದೆ. ಒಂದು ವಾರ ರಿಯಾಕ್ಟ್, ಇನ್ನೊಂದು ವಾರ ಡಾಕರ್. ಯಾವುದೂ ತಲೆಯಲ್ಲಿ ನಿಲ್ಲಲಿಲ್ಲ. ಕೊನೆಗೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ, ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್, ಗಿಟ್ ಮೂರನ್ನೇ ಹಿಡಿದೆ. ಬೆಳಿಗ್ಗೆ ಐದರಿಂದ ಎಂಟರವರೆಗೆ. ಸುಮ್ನೆ ವಿಡಿಯೋ ನೋಡೋದು ಬಿಟ್ಟು ಪ್ರತಿ ಸಾಲನ್ನೂ ನಾನೇ ಬರೆದೆ.

ಕೆಲಸ ಸಿಕ್ಕಿದ್ದು ಸಕಲೇಶಪುರದಲ್ಲಿ, ನೆಂಟರ ಪರಿಚಯದ ಕಾಫಿ ವ್ಯಾಪಾರಿಯೊಬ್ಬರ ಹತ್ತಿರ. ಪಾರ್ಚ್‌ಮೆಂಟು (ಹಣ್ಣಿನ ತಿರುಳು ತೆಗೆದು ಒಣಗಿಸಿದ ಕಾಫಿ), ಚೆರ್ರಿ (ಹಣ್ಣನ್ನು ಹಾಗೇ ಒಣಗಿಸಿದ ಕಾಫಿ) ಖರೀದಿ ಲೆಕ್ಕವೆಲ್ಲ ಇನ್ನೂ ಫಾಕ್ಸ್‌ಪ್ರೊದಲ್ಲೇ ಇತ್ತು! ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿದ್ದು 2015ರಲ್ಲಿ. ಹಳೇ ಕಂಪ್ಯೂಟರ್ ಕೆಟ್ಟರೆ ಲೆಕ್ಕವೇ ಹೋಗುತ್ತೆ ಅಂತ ಅವರಿಗೆ ಭಯ.

ಫಾಕ್ಸ್‌ಪ್ರೊ ದಾಖಲೆ ಇಡುವ ಡಿಬಿಎಫ್ ಫೈಲು ಓದಲು ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದೆ. ಮೂಟೆಗಳ ಮೊತ್ತ ತಾಳೆಯಾಗಲಿಲ್ಲ, ಜಾಸ್ತಿ ಬರುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ನೆನಪಾಯಿತು. ಫಾಕ್ಸ್‌ಪ್ರೊದಲ್ಲಿ ಡಿಲೀಟ್ ಮಾಡಿದ ದಾಖಲೆ ಅಳಿಯೋದಿಲ್ಲ. ಅದರ ಮೊದಲ ಬೈಟಿಗೆ ನಕ್ಷತ್ರದ ಗುರುತು ಬೀಳುತ್ತೆ, ಅಷ್ಟೇ. ಪ್ಯಾಕ್ ಅನ್ನೋ ಆಜ್ಞೆ ಕೊಡುವ ತನಕ ಫೈಲಿನಲ್ಲೇ ಇರುತ್ತೆ. ನಕ್ಷತ್ರ ಇದ್ದವನ್ನು ಬಿಟ್ಟು ಕೂಡಿದೆ. ಮೊತ್ತ ಸರಿಹೋಯಿತು.

ಇನ್ನೊಂದು ಕಷ್ಟ ಬೆಳೆಗಾರರ ಹೆಸರುಗಳದ್ದು. ಎಲ್ಲ 'ನುಡಿ' ಅನ್ನೋ ಹಳೇ ಕನ್ನಡ ಫಾಂಟಿನಲ್ಲಿದ್ದವು. ಈಗ ಎಲ್ಲ ಕಂಪ್ಯೂಟರ್ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್ ಅಲ್ಲದ್ದರಿಂದ ಹೊಸ ಪರದೆಯಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು. ಪರಿವರ್ತಕ ಬರೆಯುವಾಗ ಅರ್ಕಾವತ್ತು ಬಹಳ ಕಾಡಿತು. 'ಧರ್ಮ' ಅನ್ನೋದರಲ್ಲಿ ಯೂನಿಕೋಡ್‌ಗೆ 'ರ್' ಮೊದಲು, 'ಮ' ಆಮೇಲೆ. ನುಡಿಯಲ್ಲಿ 'ಮ' ಮೊದಲು, ಅರ್ಕಾವತ್ತು ಆಮೇಲೆ. ಕನ್ನಡ ಓದಿ ಬರೆಯುವವರಿಗೇ ಇಂಥ ತಪ್ಪು ಕಣ್ಣಿಗೆ ಬೀಳೋದು, ಅಲ್ವಾ?

ಬೆಂಗಳೂರಿನ ಸಂಬಳದಷ್ಟು ಇಲ್ಲಿ ಬರೋದಿಲ್ಲ. ಮನೆ ಖರ್ಚು ನಡೆಯುತ್ತೆ. ಫಾಕ್ಸ್‌ಪ್ರೊ ಸಾಲನ್ನು ರೆಸ್ಯೂಮೆಗೆ ಮತ್ತೆ ಸೇರಿಸಿದ್ದೇನೆ, ಎಲ್ಲಕ್ಕಿಂತ ಮೇಲೆ. ಮುಂದಿನ ವಾರ ಮೂಡಿಗೆರೆಯಲ್ಲಿ ಇನ್ನೊಬ್ಬರ ಹಳೇ ಫೈಲು ನೋಡೋಕೆ ಹೋಗಬೇಕು.