ಇಗರ್ಜಿಯ ಪುಸ್ತಕದಲ್ಲಿ ಮುತ್ತಜ್ಜನನ್ನು ಹುಡುಕುವ ಬಗೆ

ಮಂಗಳೂರು ಕಡೆಯ ಕ್ಯಾಥೋಲಿಕರಲ್ಲಿ ಮನೆತನ ಹುಡುಕಲು ಹೊರಟವರು ಮೊದಲು ಹಿಡಿಯುವುದು ಉಪನಾಮವನ್ನು. ಡಿಸೋಜ, ಪಿಂಟೊ, ಲೋಬೊ ಅಂತ ಒಂದೇ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಎಷ್ಟೋ ಮನೆಗಳಿರುತ್ತವೆ. ಪೋರ್ಚುಗೀಸರ ಕಾಲದಲ್ಲಿ ಗೋವಾದಲ್ಲಿ ಬಂದ ಈ ಹೆಸರುಗಳು ಪರಸ್ಪರ ಸಂಬಂಧವೇ ಇಲ್ಲದ ಕುಟುಂಬಗಳಿಗೂ ಇವೆ. ಹಾಗಾಗಿ ಉಪನಾಮ ಬಿಡಿ. ಮನೆಯ ಹೆಸರು, ವಾಡೊ (ಇಗರ್ಜಿಗೆ ಸೇರಿದ ಕೇರಿ), ಮುತ್ತಜ್ಜಿಯ ತವರೂರು, ಈ ಮೂರನ್ನು ಮೊದಲು ಹುಡುಕಿ. ಅವು ಸಿಗುವುದು ಮನೆಯ ಕಾಗದಗಳಲ್ಲಿ.

ನನಗೆ ಬಂದದ್ದು ಅಜ್ಜಿಯ ಒಂದು ನೋಟ್‌ಪುಸ್ತಕ. ಕನ್ನಡ ಲಿಪಿಯಲ್ಲಿ ಪೆನ್ಸಿಲಿನಿಂದ ಬರೆದ ಕೊಂಕಣಿ. ಅಕ್ಕಿಮುಡಿಯ ಲೆಕ್ಕದ ನಡುವೆ, ಯಾರ ಆತ್ಮಕ್ಕೆ ಯಾವ ತಿಂಗಳು ಪೂಜೆ ಹೇಳಿಸಬೇಕೆಂಬ ಪಟ್ಟಿ. ಯಾರು ಯಾವ ತಿಂಗಳು ತೀರಿಕೊಂಡರು ಎನ್ನುವುದಕ್ಕೆ ಅದೇ ದಾಖಲೆ. ಇಸವಿ ಬರೆಯುವ ರೂಢಿ ಅಜ್ಜಿಗಿರಲಿಲ್ಲ; ತಮ್ಮನ ಹುಟ್ಟನ್ನು "ಬೊಳ್ಳ ಬಂದ ಮರುವರ್ಷ, ಮೊಂತಿ ಫೆಸ್ತಿಗೆ ಮೊದಲು" ಎಂದು ಗುರುತಿಸಿದ್ದರು. ಬೊಳ್ಳ ಅಂದರೆ ನೆರೆ; ನೇತ್ರಾವತಿಯ ದೊಡ್ಡ ನೆರೆ 1923ರದ್ದು, ಮೊಂತಿ ಹಬ್ಬ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬ, ಸೆಪ್ಟೆಂಬರ್ 8ಕ್ಕೆ. ಅಲ್ಲಿಗೆ 1924ರ ಮಳೆಗಾಲ ಎಂದಾಯಿತು. (1974ರಲ್ಲೂ ನೆರೆ ಬಂದಿತ್ತು. ಬರೆದವರ ವಯಸ್ಸು ನೋಡಿ ಯಾವುದೆಂದು ತೀರ್ಮಾನಿಸಿ.) ಇಂಥ ಸಾಲುಗಳನ್ನು ತಿದ್ದದೆ ಇದ್ದ ಹಾಗೇ ನಕಲು ಮಾಡಿ, ನಿಮ್ಮ ಲೆಕ್ಕಾಚಾರವನ್ನು ಪಕ್ಕದಲ್ಲಿ ಬೇರೆ ಬಣ್ಣದಲ್ಲಿ ಬರೆದಿಡಿ.

ಕಪಾಟಿನ ಉಳಿದ ಕಾಗದಗಳನ್ನೂ ಬಿಡಬೇಡಿ. 1938ರಿಂದ ಬರುತ್ತಿರುವ ಕೊಂಕಣಿ ಪತ್ರಿಕೆ 'ರಾಕ್ಣೊ'ದ ಮರಣ ಸುದ್ದಿಯ ತುಣುಕು, ಮೂಲಗೇಣಿ (ಶಾಶ್ವತ ಗೇಣಿ) ಚೀಟು, 1974ರ ಭೂಸುಧಾರಣೆಯ ಹೊತ್ತಿಗೆ ಗೇಣಿದಾರರು ಹಾಕಿದ ಡಿಕ್ಲರೇಶನ್ನಿನ ಪ್ರತಿ, ಎಲ್ಲವೂ ಬೇಕು. ಅಜ್ಜನ ಕಾಲದಿಂದ ಗೇಣಿ ಕೊಡುತ್ತಿದ್ದೇವೆ ಎಂದು ಡಿಕ್ಲರೇಶನ್ನಿನಲ್ಲಿ ಹೇಳಿಕೆಯಿದ್ದರೆ, ಆ ಅಜ್ಜ ಇದ್ದ ಜಾಗ ಗೊತ್ತಾದಂತೆ.

ಇನ್ನು ಇಗರ್ಜಿ. ವಿಗಾರರಿಗೆ (ಇಗರ್ಜಿಯ ಮುಖ್ಯ ಪಾದ್ರಿಗೆ) ಮೊದಲೇ ಪತ್ರ ಬರೆದು, ಯಾವ ಹೆಸರು, ಯಾವ ಹತ್ತು ವರ್ಷ ಎಂದು ತಿಳಿಸಿ. ಭಾನುವಾರ, ಹಬ್ಬದ ದಿನ, ಪವಿತ್ರ ವಾರ ಬೇಡ. ಫೋಟೊ ತೆಗೆಯುವ ಮೊದಲು ಕೇಳಿ.

ಬಾಪ್ತಿಸ್ಮದ (ದೀಕ್ಷಾಸ್ನಾನದ) ಪುಸ್ತಕದಿಂದ ಶುರು ಮಾಡುವ ಆಸೆಯಾಗುತ್ತದೆ. ನನ್ನ ಮಾತು ಕೇಳಿ, ಮದುವೆಯ ಪುಸ್ತಕ ಮೊದಲು ತೆರೆಯಿರಿ. ಒಂದೇ ನಮೂದಿನಲ್ಲಿ ಗಂಡು ಹೆಣ್ಣು ಇಬ್ಬರ ತಂದೆತಾಯಿ, ಊರು, ಸಾಕ್ಷಿಗಳು ಸಿಗುತ್ತಾರೆ. ಆಗಿನ ನಿಯಮದಂತೆ ಮದುವೆ ಹೆಣ್ಣಿನ ಇಗರ್ಜಿಯಲ್ಲಿ ಆಗಬೇಕಿದ್ದರಿಂದ ಮುತ್ತಜ್ಜಿಯ ತವರಿನಿಂದ ಆರಂಭಿಸಿ. ಅಲ್ಲಿಲ್ಲದಿದ್ದರೆ ಗಂಡಿನ ಕಡೆಯದು ನೋಡಿ. ಆಮೇಲೆ ಬಾಪ್ತಿಸ್ಮ. 1908ರಲ್ಲಿ ಜಾರಿಗೆ ಬಂದ ಚರ್ಚ್ ನಿಯಮದಂತೆ, ಮದುವೆಯಾದ ಮೇಲೆ ಅದನ್ನು ಅವರವರ ಬಾಪ್ತಿಸ್ಮದ ನಮೂದಿನ ಪಕ್ಕದಲ್ಲೂ ಬರೆಯಬೇಕು. ಅಂಚಿನ ಸಣ್ಣ ಅಕ್ಷರಗಳನ್ನು ಓದದೆ ಪುಟ ತಿರುಗಿಸಬೇಡಿ.

ಹಳೆಯ ನಮೂದುಗಳು ಲ್ಯಾಟಿನ್‌ನಲ್ಲಿ. ಹೆದರಬೇಕಿಲ್ಲ, ಅವೇ ಹತ್ತಿಪ್ಪತ್ತು ಪದಗಳು ಮರುಕಳಿಸುತ್ತವೆ. ಫಿಲಿಯುಸ್ ಅಂದರೆ ಮಗ, ಫಿಲಿಯಾ ಮಗಳು, ವಿದುವಾ ವಿಧವೆ. ಮನೆಯಲ್ಲಿ ಇನಾಸ್ ಆದವನು ಅಲ್ಲಿ ಇಗ್ನಾತಿಯುಸ್, ಬಸ್ತ್ಯಾಂವ್ ಸೆಬಾಸ್ತಿಯಾನುಸ್. ತಂದೆಯ ಹೆಸರಿಗೆ ವಿಭಕ್ತಿ ಸೇರಿ ಇಗ್ನಾತಿಯಿ ಎಂದಿದ್ದರೆ ಅದು ಬೇರೆ ಹೆಸರಲ್ಲ, 'ಇಗ್ನಾತಿಯುಸನ' ಎಂದು ಓದಿಕೊಳ್ಳಿ.

ಮದುವೆಯ ನಮೂದಿನಲ್ಲಿ ನನಗೆ ಅತ್ಯಂತ ಪ್ರೀತಿಯದು ಡಿಸ್ಪೆನ್ಸೇಶನ್ ಸಾಲು. ರಕ್ತಸಂಬಂಧಿಗಳು ಮದುವೆಯಾಗಲು ಚರ್ಚಿನ ವಿನಾಯಿತಿ ಬೇಕಿತ್ತು, ಸಂಬಂಧ ಎಷ್ಟನೇ ಡಿಗ್ರಿ ಎಂದು ತೋರಿಸಬೇಕಿತ್ತು. ಹಳೆಯ ಲೆಕ್ಕದಲ್ಲಿ ಎರಡನೇ ಡಿಗ್ರಿ ಎಂದರೆ ಇಬ್ಬರಿಗೂ ಅಜ್ಜ ಅಥವಾ ಅಜ್ಜಿ ಒಬ್ಬರೇ. ಮೂರನೆಯದಾದರೆ ಮುತ್ತಜ್ಜ ಅಥವಾ ಮುತ್ತಜ್ಜಿ. ನನ್ನ ಮುತ್ತಜ್ಜನ ಮದುವೆಗೆ ಮೂರನೇ ಡಿಗ್ರಿಯ ವಿನಾಯಿತಿ ಇತ್ತು. ನಾನು ಎರಡು ಬೇರೆ ಮನೆತನವೆಂದು ಎರಡು ಹಾಳೆಯಲ್ಲಿ ಬರೆದಿಟ್ಟದ್ದು ಆ ಒಂದು ಸಾಲಿನಿಂದ ಮೇಲ್ಗಡೆ ಕೂಡಿಕೊಂಡಿತು. ಎಷ್ಟು ಖುಷಿಯಾಯಿತೆಂದರೆ, ಅಲ್ಲೇ ಕುಳಿತು ಅಕ್ಕನಿಗೆ ಫೋನ್ ಮಾಡಿದೆ.

ಬಾಪ್ತಿಸ್ಮದಲ್ಲಿ ಮಗುವಿನ ಹೊಣೆ ಹೊತ್ತು ನಿಲ್ಲುವ ಗಾಡ್‌ಫಾದರ್, ಗಾಡ್‌ಮದರ್ ಹೆಸರುಗಳನ್ನು ತಪ್ಪದೆ ಬರೆದುಕೊಳ್ಳಿ. ತಂದೆಯ ಅಥವಾ ತಾಯಿಯ ಕಡೆಯ ಹಿರಿಯರು ನಿಲ್ಲುವುದು ವಾಡಿಕೆ. ಮಕ್ಕಳಿಗೆ ಅಜ್ಜಅಜ್ಜಿಯರ ಹೆಸರಿಡುವ ರೂಢಿಯೂ ಇದೆ. ಹಾಗಾಗಿ ಮುತ್ತಜ್ಜ ಒಬ್ಬನದನ್ನಷ್ಟೇ ಅಲ್ಲ, ಅವನ ಅಣ್ಣತಮ್ಮ ಅಕ್ಕತಂಗಿಯರೆಲ್ಲರ ನಮೂದು ತೆಗೆಯಿರಿ. ಹಿಂದಿನ ತಲೆಮಾರು ಆ ಹೆಸರುಗಳಲ್ಲೇ ಅಡಗಿರುತ್ತದೆ.

ಕೊಂಡಿ ಥಟ್ಟನೆ ಕಡಿದರೆ ಇಗರ್ಜಿ ಯಾವಾಗ ಸ್ಥಾಪನೆಯಾಯಿತೆಂದು ನೋಡಿ. ದೊಡ್ಡ ಇಗರ್ಜಿಗಳು ಒಡೆದು ಹೊಸವು ಆಗಿವೆ. ಅದಕ್ಕೂ ಹಿಂದಿನದಕ್ಕೆ ಮೂಲ ಇಗರ್ಜಿಗೇ ಹೋಗಬೇಕು. ಇಗರ್ಜಿ ಹಳೆಯದೆಂದ ಮಾತ್ರಕ್ಕೆ ಪುಸ್ತಕ ಅಷ್ಟು ಹಳೆಯದಾಗಿರಬೇಕಿಲ್ಲ. ಮಂಗಳೂರಿನ ಇಗರ್ಜಿಗಳಲ್ಲಿ ರೊಜಾರಿಯೊ 1568ರದ್ದು, ಮಿಲಾಗ್ರಿಸ್ 1680ರದ್ದು. ಆದರೆ 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾದ (ಈ ಕರಾವಳಿಯ) ಕ್ಯಾಥೋಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಬಹುತೇಕ ಇಗರ್ಜಿಗಳು ನೆಲಸಮವಾದವು. ಬದುಕುಳಿದವರು ಮರಳಿದ್ದು 1799ರ ನಂತರ. ಅದರಾಚೆಗೆ ಇಂಥ ಗೋವಾದ ಊರಿನಿಂದ ಬಂದವರು ಎಂಬ ಮಾತು ಹಿರಿಯರ ಬಾಯಲ್ಲಿದ್ದರೆ, ಯಾರು ಹೇಳಿದರು, ಯಾವಾಗ ಹೇಳಿದರು ಎಂಬುದನ್ನೂ ಸೇರಿಸಿ ಬರೆದಿಡಿ. ವಂಶವೃಕ್ಷದಲ್ಲಿ ಆ ಭಾಗಕ್ಕೆ ಚುಕ್ಕಿಗೆರೆ ಹಾಕಿ. ಪುಸ್ತಕದಲ್ಲಿ ನಮೂದು ಕಣ್ಣಿಗೆ ಬಿದ್ದಮೇಲಷ್ಟೇ ಅದನ್ನು ಗಟ್ಟಿಗೆರೆ ಮಾಡಿ.