ಸ್ವಿಚ್ ಆಫ್ ಮಾಡಿದರೆ ಕರೆಂಟ್ ಎಲ್ಲಿ ನಿಲ್ಲುತ್ತದೆ? ಎರಡು ಶೆಲ್ಲು, ಒಂದು ಕ್ಲಿಪ್ಪು ಇಟ್ಟುಕೊಂಡು ನೋಡೋಣ

ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ಲೈನ್ ಎಳೆದು 1902ರಲ್ಲೇ ಕೆಜಿಎಫ್ ಗಣಿಗೆ ಕರೆಂಟ್ ತಂದರು. ಬೆಂಗಳೂರಿನ ಬೀದಿಗಳಿಗೆ ಕರೆಂಟ್ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಕೋಲಾರಕ್ಕೂ ಕರೆಂಟಿಗೂ ಅಷ್ಟು ಹಳೆಯ ನಂಟು. ಆದರೂ ‘ಸ್ವಿಚ್ ಆಫ್ ಮಾಡಿದೀನಲ್ಲ’ ಅಂತ ಹೋಲ್ಡರ್‌ಗೆ ಧೈರ್ಯವಾಗಿ ಕೈ ಹಾಕುವವರು ಇವತ್ತಿಗೂ ನಮ್ಮ ಸುತ್ತ ಜಾಸ್ತಿ. ಆ ಧೈರ್ಯ ಎಲ್ಲ ಸಲವೂ ಸರಿಯಲ್ಲ. ಯಾಕೆ ಅಂತ ಬಾಯಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ, ಕೈಯಾರೆ ಮಾಡಿ ನೋಡಬೇಕು. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ.

ಬೇಕಾಗುವುದು ಎರಡು ಟಾರ್ಚ್ ಶೆಲ್ಲು, ಎರಡೂವರೆ ವೋಲ್ಟಿನ ಚಿಕ್ಕ ಟಾರ್ಚ್ ಬಲ್ಬು, ಒಂದೆರಡು ಮೀಟರ್ ತೆಳು ವೈರು, ರಟ್ಟು, ತಲೆ ಅಗಲವಿರುವ ಹಿತ್ತಾಳೆ ಪಿನ್ನು ನಾಲ್ಕಾರು, ಕಾಗದಕ್ಕೆ ಹಾಕುವ ಕಬ್ಬಿಣದ ಕ್ಲಿಪ್ಪು ಎರಡು. ಪ್ಲಾಸ್ಟಿಕ್ ಸುತ್ತಿದ ಕ್ಲಿಪ್ಪು ಬೇಡ.

ಮೊದಲು ಸ್ವಿಚ್ ಇಲ್ಲದೆ ಬಲ್ಬು ಉರಿಸಿ. ಒಂದು ಶೆಲ್ಲಿನ ಪ್ಲಸ್ ಇನ್ನೊಂದರ ಮೈನಸ್‌ಗೆ ತಾಗುವಂತೆ ಸಾಲಾಗಿ ಇಟ್ಟು ಟೇಪ್ ಸುತ್ತಿ, ಒಂದು ತುದಿಯಿಂದ ವೈರು ಬಲ್ಬಿನ ತಳಕ್ಕೆ, ಇನ್ನೊಂದು ತುದಿಯಿಂದ ವೈರು ಬಲ್ಬಿನ ಪಕ್ಕದ ಲೋಹಕ್ಕೆ ತಾಗಿಸಿ. ಉರಿಯಿತಾ? ಶೆಲ್ಲಿನಿಂದ ಹೊರಟ ಕರೆಂಟ್ ಬಲ್ಬಿನೊಳಗೆ ಹಾದು ವಾಪಸ್ ಶೆಲ್ಲಿಗೇ ಬಂದು ಸೇರಬೇಕು, ಈ ಸುತ್ತು ಎಲ್ಲೂ ಕಡಿಯಬಾರದು. ಕೆರೆಯ ತೂಬು ತೆಗೆದರೆ ನೀರು ಹರಿಯುತ್ತದೆ, ಹರಿದ ನೀರು ವಾಪಸ್ ಬರುವುದಿಲ್ಲ. ಕರೆಂಟಿನ ಲೆಕ್ಕ ಹಾಗಲ್ಲ, ವಾಪಸ್ ಬರುವ ದಾರಿ ಇಲ್ಲದಿದ್ದರೆ ಅದು ಹೊರಡುವುದೂ ಇಲ್ಲ.

ಈಗ ಸ್ವಿಚ್ ಮಾಡಿ. ರಟ್ಟಿಗೆ ಎರಡು ಪಿನ್ನು ಚುಚ್ಚಿ. ಕ್ಲಿಪ್ಪಿನ ಒಂದು ತುದಿ ಮೊದಲ ಪಿನ್ನಿಗೆ ಸಿಕ್ಕಿಕೊಂಡಿರಲಿ, ಇನ್ನೊಂದು ತುದಿ ಎರಡನೇ ಪಿನ್ನಿಗೆ ತಾಗುವಂತೆ, ಬಿಡುವಂತೆ ತಿರುಗಲಿ. ಒಂದು ಕಡೆಯ ವೈರನ್ನು ನಡುವೆ ಕತ್ತರಿಸಿ, ಎರಡು ತುದಿಯನ್ನೂ ಎರಡು ಪಿನ್ನಿಗೆ ಸುತ್ತಿ. ತಾಗಿಸಿದರೆ ಆನ್, ಬಿಟ್ಟರೆ ಆಫ್. ಗೋಡೆ ಮೇಲಿನ ಸ್ವಿಚ್ಚಿನೊಳಗೂ ಇಷ್ಟೇ ಇರುವುದು. ಜೊತೆಗೆ ಒಂದು ಸ್ಪ್ರಿಂಗ್. ಆ ‘ಟಕ್’ ಶಬ್ದ ಸುಮ್ನೆ ಅಲ್ಲ. ನಿಧಾನವಾಗಿ ಬಿಡಿಸಿದರೆ ಎರಡು ಲೋಹದ ನಡುವೆ ಕಿಡಿ ಎದ್ದು ಮೈ ಸುಟ್ಟು ಕಪ್ಪಾಗುತ್ತದೆ, ಅದಕ್ಕೇ ಸ್ಪ್ರಿಂಗ್ ಅದನ್ನು ತಟ್ಟನೆ ಎಳೆದುಬಿಡುತ್ತದೆ. 1884ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾನ್ ಹೆನ್ರಿ ಹೋಮ್ಸ್ ಎಂಬುವರು ಮಾಡಿದ ಉಪಾಯ ಇದು. ಕಿಡಿಯ ವಿಷಯ ಇಲ್ಲಿಗೇ ಮುಗಿಯುವುದಿಲ್ಲ: 6 ಆಂಪಿಯರ್ ಸ್ವಿಚ್ಚಿಗೆ ಗೀಸರ್ ಕೊಟ್ಟರೆ ಅದು ಬಿಸಿಯಾಗಿ ಕರಗುವುದೂ ಉಂಟು. ಗೀಸರ್‌ಗೆ 16 ಆಂಪಿಯರ್‌ನದೇ ಹಾಕಿಸಿ.

ಒಂದು ಎಚ್ಚರ. ಕ್ಲಿಪ್ಪು ಸುತ್ತಿನ ಒಳಗೇ ಕೂರಬೇಕು, ಬಲ್ಬಿನ ಎರಡು ತುದಿಗೆ ಅಡ್ಡವಾಗಿ ಅಲ್ಲ. ಹಾಗೆ ಅಡ್ಡ ಹಾಕಿ ತಾಗಿಸಿದರೆ ಬಲ್ಬು ಆರಿ ಶೆಲ್ಲು ಬಿಸಿಯಾಗುತ್ತದೆ. ಶಾರ್ಟ್ ಆಗುವುದು ಅಂದರೆ ಇದೇ.

ಇನ್ನು ನಾನು ಹೇಳಬೇಕೆಂದಿದ್ದ ಮುಖ್ಯ ಭಾಗ. ಕ್ಲಿಪ್ಪನ್ನು ಬಲ್ಬಿನ ಈ ಕಡೆಯಿಂದ ಬಿಚ್ಚಿ ಆ ಕಡೆಯ ವೈರಿಗೆ ಹಾಕಿ ನೋಡಿ. ಆಗಲೂ ಬಲ್ಬು ಹಾಗೇ ಆರುತ್ತದೆ, ಹಾಗೇ ಉರಿಯುತ್ತದೆ. ಸುತ್ತನ್ನು ಎಲ್ಲಿ ಕಡಿದರೂ ಒಂದೇ ಅನ್ನಿಸುತ್ತದೆ, ಅಲ್ವಾ? ಮೂರು ವೋಲ್ಟಿನ ಶೆಲ್ಲಿಗೆ ಅದು ನಿಜ. ಮನೆಯ 230 ವೋಲ್ಟಿಗೆ ನಿಜವಲ್ಲ. ಮನೆಗೆ ಬರುವ ಎರಡು ವೈರಿನಲ್ಲಿ ಒಂದು ಕರೆಂಟ್ ಹೊತ್ತು ತರುವ ಫೇಸ್, ಇನ್ನೊಂದು ವಾಪಸ್ ಹೋಗುವ ದಾರಿಯಾದ ನ್ಯೂಟ್ರಲ್. ನ್ಯೂಟ್ರಲ್ ಅನ್ನು ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರವೇ ಭೂಮಿಗೆ ಸೇರಿಸಿರುತ್ತಾರೆ, ನಾವು ನಿಂತಿರುವುದೂ ಆ ಭೂಮಿಯ ಮೇಲೇ. ಸ್ವಿಚ್ಚು ಫೇಸ್ ವೈರಿನಲ್ಲಿದ್ದರೆ ಆಫ್ ಮಾಡಿದಾಗ ಹೋಲ್ಡರ್ ತನಕ ಏನೂ ಬರುವುದಿಲ್ಲ. ನ್ಯೂಟ್ರಲ್ಲಿನಲ್ಲಿದ್ದರೆ ಬಲ್ಬೇನೋ ಆರುತ್ತದೆ, ಆದರೆ ಫೇಸ್ ಹೋಲ್ಡರ್ ತನಕ ಬಂದು ಕಾಯುತ್ತಾ ಕೂತಿರುತ್ತದೆ, ನೀವು ಮುಟ್ಟಿದರೆ ವಾಪಸ್ ಹೋಗುವ ದಾರಿ ನಿಮ್ಮ ಮೈಯೇ ಆಗುತ್ತದೆ. ಹಾಗಾಗಿ ಸ್ವಿಚ್ ಯಾವಾಗಲೂ ಫೇಸಿನಲ್ಲೇ ಇರಬೇಕು.

ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬು ರಾತ್ರಿ ಮಿಣಮಿಣ ಅನ್ನುತ್ತಿದ್ದರೆ ಸ್ವಿಚ್ಚು ನ್ಯೂಟ್ರಲ್ಲಿನಲ್ಲಿರಬಹುದು. ಸ್ವಿಚ್ಚಿನಲ್ಲೇ ಚಿಕ್ಕ ದೀಪವಿದ್ದರೂ ಹೀಗಾಗುವುದುಂಟು, ಗಾಬರಿ ಬೇಡ, ಪರೀಕ್ಷೆ ಮಾಡಿಸಿ. ಟೆಸ್ಟರ್ ಹಿಡಿದು ಅಭ್ಯಾಸ ಇರುವವರು ಒಣಗಿದ ಕೈ, ಕಾಲಿಗೆ ಚಪ್ಪಲಿ ಇಟ್ಟುಕೊಂಡು, ಸ್ವಿಚ್ ಆಫ್ ಮಾಡಿ, ಬಲ್ಬು ತೆಗೆದು ಹೋಲ್ಡರಿನ ಎರಡು ಪಿನ್ನಿಗೂ ಟೆಸ್ಟರ್ ತಾಗಿಸಿ. ಯಾವುದಾದರೂ ಒಂದರಲ್ಲಿ ಜೋರಾಗಿ ಉರಿದರೆ ವೈರ್‌ಮನ್‌ಗೆ ಹೇಳಿ ಬದಲಿಸಿಕೊಳ್ಳಿ. ಅಭ್ಯಾಸ ಇಲ್ಲದವರು ಇದಕ್ಕೆ ಕೈ ಹಾಕಬೇಡಿ. ಮಕ್ಕಳಂತೂ ಗೋಡೆಯ ಕರೆಂಟ್ ಹತ್ತಿರವೂ ಹೋಗಬಾರದು, ಅವರಿಗೆ ಶೆಲ್ಲು ಸಾಕು.

ಕೆಳಗೊಂದು, ಮೇಲೊಂದು ಸ್ವಿಚ್ಚಿರುವ ಮೆಟ್ಟಿಲ ದೀಪವನ್ನೂ ಶೆಲ್ಲಿನಲ್ಲೇ ಮಾಡಬಹುದು. ಎರಡು ರಟ್ಟು, ಪ್ರತಿಯೊಂದರಲ್ಲಿ ಒಂದು ಕ್ಲಿಪ್ಪು, ಅದು ಆ ಕಡೆ ಈ ಕಡೆ ತಿರುಗಿ ತಾಗಲು ಎರಡು ಪಿನ್ನು. ಒಂದು ರಟ್ಟಿನ ಮೇಲಿನ ಪಿನ್ನಿನಿಂದ ಇನ್ನೊಂದರ ಮೇಲಿನದಕ್ಕೆ, ಕೆಳಗಿನದರಿಂದ ಕೆಳಗಿನದಕ್ಕೆ ವೈರು. ಒಂದು ಕ್ಲಿಪ್ಪು ಸಿಕ್ಕಿಸಿದ ಪಿನ್ನಿನಿಂದ ಶೆಲ್ಲಿಗೆ, ಇನ್ನೊಂದು ಕ್ಲಿಪ್ಪಿನ ಪಿನ್ನಿನಿಂದ ಬಲ್ಬಿಗೆ, ಬಲ್ಬಿನಿಂದ ಶೆಲ್ಲಿನ ಇನ್ನೊಂದು ತುದಿಗೆ ವೈರು. ಎರಡು ಕ್ಲಿಪ್ಪೂ ಒಂದೇ ವೈರಿನ ಮೇಲಿದ್ದರೆ ಬಲ್ಬು ಉರಿಯುತ್ತದೆ, ಯಾವ ಕಡೆ ಬದಲಿಸಿದರೂ ಆರುತ್ತದೆ. ಟೂ ವೇ ಸ್ವಿಚ್ ಇದೇ.

ನಮ್ಮ ಕಡೆ ಬೋರ್‌ವೆಲ್ ಇರುವವರಿಗೆ ಇನ್ನೊಂದು ಮಾತು. ಮೂರು ಫೇಸಿನ 10 ಎಚ್‌ಪಿ ಮೋಟರ್ ಒಂದೊಂದು ಫೇಸಿನಲ್ಲೂ ಸುಮಾರು 15 ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಅದರ ಕೆಲವು ಪಟ್ಟು. ಅದನ್ನು ಬೆರಳಿನಿಂದ ಒತ್ತುವ ಗುಂಡಿ ತಡೆಯುವುದಿಲ್ಲ. ಮೋಟರ್ ಶುರು ಮಾಡುವ ಡಬ್ಬಿ ಸ್ಟಾರ್ಟರ್, ಅದರ ಹಸಿರು ಗುಂಡಿ ಒಂದು ಕಾಯಿಲ್‌ಗೆ (ತಂತಿಯ ಸುರುಳಿಗೆ) ಸ್ವಲ್ಪ ಕರೆಂಟ್ ಕೊಡುತ್ತದೆ ಅಷ್ಟೇ, ಕಾಯಿಲ್ ಅಯಸ್ಕಾಂತವಾಗಿ ದೊಡ್ಡ ಕಾಂಟ್ಯಾಕ್ಟ್‌ಗಳನ್ನು (ಒಂದಕ್ಕೊಂದು ತಾಗುವ ಲೋಹದ ತುಂಡುಗಳನ್ನು) ಎಳೆದು ಕೂರಿಸುತ್ತದೆ, ಜೊತೆಗಿರುವ ಚಿಕ್ಕ ಕಾಂಟ್ಯಾಕ್ಟ್ ನೀವು ಬೆರಳು ತೆಗೆದ ಮೇಲೂ ಕಾಯಿಲ್‌ಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಕೆಂಪು ಗುಂಡಿ ಆ ದಾರಿ ಕಡಿಯುತ್ತದೆ. ಕರೆಂಟ್ ಹೋದರೂ ಅಷ್ಟೇ, ಕಾಯಿಲ್ ಬಿಟ್ಟುಬಿಡುತ್ತದೆ, ಮತ್ತೆ ಒತ್ತುವ ತನಕ ಮೋಟರ್ ತಾನಾಗಿ ಓಡುವುದಿಲ್ಲ. ಇದು ನಮ್ಮನ್ನು ಕಾಯುವ ಏರ್ಪಾಡು. ಗುಂಡಿಗೆ ಕಡ್ಡಿ ಸಿಕ್ಕಿಸಿ ಇದನ್ನು ಕೆಡಿಸಬೇಡಿ: ಕರೆಂಟ್ ಬಂದ ಕೂಡಲೇ ಊರಿನ ಮೋಟರೆಲ್ಲ ಒಟ್ಟಿಗೆ ಎದ್ದರೆ ಟಿಸಿ ಮೇಲೆ ಹೊರೆ ಬಿದ್ದು ವೋಲ್ಟೇಜ್ ಕುಸಿಯುತ್ತದೆ, ಮೋಟರ್ ಸುಡುತ್ತದೆ.

ಕೆಂಪು ಗುಂಡಿ ಒತ್ತಿದ ಮೇಲೂ ಸ್ಟಾರ್ಟರಿನೊಳಗೆ ಲೈನ್ ಬಂದು ಸೇರುವ ಮೂರು ಸ್ಕ್ರೂಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಮೇನ್ ಸ್ವಿಚ್ ಇಳಿಸಿ, ಮೂರು ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕಿಕೊಳ್ಳಿ, ಟೆಸ್ಟರಿನಿಂದ ಮೂರೂ ಸ್ಕ್ರೂ ನೋಡಿ, ಆಮೇಲೆ ಕೈ ಇಡಿ.